ನೀಲಾ ಬ್ಯಾಡ ಅಂದ ನೌಕರಿ

ಹೋದ ತಿಂಗಳು ನಾಂಪಲ್ಲಿಯ ಒಂದು ಆಫೀಸಿನಲ್ಲಿ, ನನಗಿಂತ ಮೂವತ್ತು ವರ್ಷ ಚಿಕ್ಕವಳೊಬ್ಬಳು ನನ್ನ ಕೈಗೆ ಶೇಂಗಾ ಚಿಕ್ಕಿ ಇಟ್ಟು, “ಆಂಟಿ, ಇದನ್ನು ತಿಂದು ಮುಗಿಸುವ ತನಕ ನೀವು ಮಾತಾಡಬಾರದು” ಅಂದಳು.

ಯಾರಿಗೆ? ನನಗೆ. ಕುಷಾಯಿಗೂಡದ ಕಾರ್ಖಾನೆಯಲ್ಲಿ ಮೂವತ್ತನಾಲ್ಕು ವರ್ಷ ಮ್ಯಾನೇಜರುಗಳ ಬಾಯಿ ಮುಚ್ಚಿಸಿ ರಿಟೈರ್ ಆದವಳಿಗೆ. ವಾರ ತಪ್ಪದೆ ಈ ಅಂಕಣದಲ್ಲಿ ನಿಮ್ಮ ತಲೆ ತಿನ್ನುವವಳಿಗೆ.

ಸಿಟ್ಟು ನೆತ್ತಿಗೇರಿತು. ಬೈಯೋಣವೆಂದರೆ ಬಾಯಲ್ಲಿ ಚಿಕ್ಕಿ. (ನನ್ನ ಕೆಳಗಿನ ಸಾಲು ಕಟ್ಟಿಸಿದ ಹಲ್ಲು. ಒಂದು ಚಿಕ್ಕಿಗೆ ಕಾಲು ಗಂಟೆ ಬೇಕು. ಆ ಹುಡುಗಿಗೆ ಅದು ಹೇಗೆ ಗೊತ್ತಾಯಿತೋ.)

ಇರಲಿ, ಮೊದಲಿನಿಂದ ಹೇಳುತ್ತೇನೆ.

ನೀಲಾ ನನ್ನ ತಮ್ಮ ಶರಣಪ್ಪನ ಮಗಳು. ವಯಸ್ಸು ಇಪ್ಪತ್ತನಾಲ್ಕು, ಬಿ.ಕಾಂ. ಪಾಸು. ಹುಟ್ಟುವಾಗ ಉಸಿರು ಕಟ್ಟಿತಂತೆ, ಅದರಿಂದ ಸೆರೆಬ್ರಲ್ ಪಾಲ್ಸಿ. ಬಲಗೈ, ಬಲಗಾಲು ಅವಳ ಮಾತನ್ನು ಅರ್ಧ ಮಾತ್ರ ಕೇಳುತ್ತವೆ. ನಡೆಯುವಾಗ ಓಲಾಡುತ್ತಾಳೆ. ಮಾತು ಬಹಳ ನಿಧಾನ, ಹೊಸಬರಿಗೆ ಬೇಗ ತಿಳಿಯುವುದಿಲ್ಲ. ಬುದ್ಧಿಯ ಮಾತು ಬಂದರೆ ನಮ್ಮನ್ನೆಲ್ಲ ಸಂತೆಗೆ ಒಯ್ದು ಮಾರಿ ಬರುವಷ್ಟಿದೆ.

ಶರಣಪ್ಪ ಪಟಾನ್‌ಚೆರುವಿನ ಔಷಧಿ ಕಾರ್ಖಾನೆಯಲ್ಲಿ ಶಿಫ್ಟ್ ಮೇಲೆ ದುಡಿಯುತ್ತಾನೆ. ನಾವು ಮೂಲ ಕಲಬುರಗಿ ಕಡೆಯವರು. ಹೊಟ್ಟೆಪಾಡಿಗೆ ಇಲ್ಲಿಗೆ ಬಂದು, ಓಣಿಯಲ್ಲಿ ತೆಲುಗು, ಅಂಗಡಿಯಲ್ಲಿ ಹಿಂದಿ, ಜಗಳಕ್ಕೂ ಪ್ರೀತಿಗೂ ಕನ್ನಡ ಅಂತ ಹಂಚಿಕೊಂಡು ಬದುಕುತ್ತಿರುವವರು.

ನೀಲಾಳ ವಿಷಯದಲ್ಲಿ ನಮ್ಮ ಮನೆತನಕ್ಕೆ ಒಂದೇ ಒಂದು ಸಿದ್ಧಾಂತ ಇತ್ತು: ಕುಂತು ಮಾಡೋ ಕೆಲಸ. ಎಲ್ಲಿ ಕುಂತು, ಏನು ಮಾಡುತ್ತಾ, ಯಾರ ಜೊತೆಗೆ? ಅದನ್ನೆಲ್ಲ ಯಾರೂ ಯೋಚಿಸಿರಲಿಲ್ಲ. ಕುಂತರೆ ಸಾಕಾಗಿತ್ತು.

ಮನೆಗೆ ಬಂದವರು ಉಳಿದ ಎಲ್ಲ ಮಕ್ಕಳಿಗೂ “ದೊಡ್ಡಾಕಿ ಆದ್ಮ್ಯಾಲೆ ಏನಾಗ್ತಿ?” ಅಂತ ಕೇಳುತ್ತಿದ್ದರು. ಡಾಕ್ಟರು, ಪೊಲೀಸು, ಪೈಲಟ್ಟು ಅಂತ ಮಕ್ಕಳು ಬಾಯಿಗೆ ಬಂದದ್ದು ಹೇಳುತ್ತಿದ್ದವು. ನೀಲಾಳ ಸರದಿ ಬಂದಾಗ “ಊಟ ಆತೇನು?” ಅಂತ ಕೇಳುತ್ತಿದ್ದರು. ಅದನ್ನೂ ಅವಳಿಗಲ್ಲ, ಅವಳ ಅವ್ವನಿಗೆ.

ಸರ್ಕಾರಿ ಕೋಟಾದ ಪರೀಕ್ಷೆ ಎರಡು ಸಲ ಬರೆದಳು. ಆಗಲಿಲ್ಲ. ಅಷ್ಟರಲ್ಲಿ ಶರಣಪ್ಪನಿಗೆ ಪರಿಚಯದವರೊಬ್ಬರು ಪಟಾನ್‌ಚೆರುವಿನ ಒಂದು ಪ್ರೈವೇಟ್ ಶಾಲೆಯಲ್ಲಿ ಟೈಪಿಂಗ್ ಕೆಲಸ ಇದೆ ಅಂದರು. ಫ್ಯಾನಿನ ಕೆಳಗೆ ಕುರ್ಚಿ. ಮನೆಯಿಂದ ಹತ್ತು ನಿಮಿಷ. ತಿಂಗಳ ಕೊನೆಯೊಳಗೆ ಹೂಂ ಅನ್ನಬೇಕು. ಮನೆಯಲ್ಲಿ ಎಲ್ಲರೂ ಹೂಂ ಅಂದೆವು, ಒಬ್ಬಳನ್ನು ಬಿಟ್ಟು.

ನೀಲಾ ಫೋನಿನಲ್ಲಿ ಏನೋ ಹುಡುಕಿ ಇಟ್ಟಿದ್ದಳು. ನಾಂಪಲ್ಲಿಯಲ್ಲಿ ಒಂದು ಸಣ್ಣ ಟ್ರಸ್ಟ್ ಇದೆ, ಅಂಗವೈಕಲ್ಯ ಇರುವವರಿಗೆ ಯಾವ ಕೆಲಸ ಹೊಂದುತ್ತದೆ ಅಂತ ಕೂತು ಮಾತಾಡಿ ದಾರಿ ತೋರಿಸುತ್ತಾರೆ, ಒಮ್ಮೆ ಹೋಗಿ ಬರುತ್ತೇನೆ ಅಂದಳು. ಶರಣಪ್ಪ ನನಗೆ ಫೋನ್ ಮಾಡಿದ.

“ಅಕ್ಕಾ, ನೀ ಆಕಿ ಜೋಡಿ ಹೋಗಿ ಬಾ. ಅಲ್ಲಿನ ಮೇಡಂ ಕಡಿಂದ ನಾಕು ಬುದ್ಧಿಮಾತು ಹೇಳಿಸ್ಕೊಂಡು ಬಾ. ಅವರು ಹೇಳಿದ್ರ ಸಾಲಿ ನೌಕರಿಗೆ ಒಪ್ಕೋತಾಳ.”

(ರಿಟೈರ್ ಆದವರಿಗೆ ಪೆನ್ಶನ್ ಜೊತೆಗೆ ಇಂಥ ಡ್ಯೂಟಿಗಳೂ ಬರುತ್ತವೆ.)

ಜನವರಿ. ನಾಂಪಲ್ಲಿಯಲ್ಲಿ ವರ್ಷಕ್ಕೊಮ್ಮೆ ಸೇರುವ ಎಕ್ಸಿಬಿಷನ್ನಿನ ಗದ್ದಲ, ಆಟೋದವರು ಮುಖ ಕೊಟ್ಟು ಮಾತಾಡುತ್ತಿರಲಿಲ್ಲ. ನೀಲಾ ಮಿಯಾಪುರದಿಂದ ಮೆಟ್ರೊದಲ್ಲಿ ಒಬ್ಬಳೇ ಬಂದು ನನಗಿಂತ ಮೊದಲೇ ಸ್ಟೇಷನ್ನಿನಲ್ಲಿ ನಿಂತಿದ್ದಳು. ಎರಡು ಕೋಣೆಯ ಆಫೀಸು, ಬಾಗಿಲಿಗೆ ಮೆಟ್ಟಿಲ ಬದಲು ಇಳಿಜಾರು. ಕೌನ್ಸೆಲರ್ ಹೆಸರು ಲಾವಣ್ಯ, ವರಂಗಲ್ ಕಡೆಯ ಹುಡುಗಿ. ಆಕೆ ಮಾತಾಡುವುದು ತೆಲುಗು, ಹಿಂದಿ ಕಲಸಿ. ನಾನು ಅದನ್ನು ನಮ್ಮ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ಫಾರ್ಮ್ ಕೊಟ್ಟರು. ನೀಲಾ ಪೆನ್ನು ಹುಡುಕುವುದರೊಳಗೆ ನಾನು ತುಂಬಿ ಮುಗಿಸಿದೆ. ನಮ್ಮ ಅಕ್ಷರ ಮೊದಲಿನಿಂದಲೂ ಚಂದ. ಏನು ಇಷ್ಟ? ‘ಸಂಗೀತ, ಓದು.’ ದಿನಚರಿ? ‘ಮನೆಯಲ್ಲೇ ಇರುತ್ತಾಳೆ.’ ಯಾವ ಕೆಲಸ ಬೇಕು? ‘ಕುಳಿತು ಮಾಡುವ ಯಾವುದಾದರೂ.’

ಲಾವಣ್ಯ ಓದಿದಳು. “ಯಾರ ಅಕ್ಷರ ಇದು?” ಅಂದಳು.

“ನಂದೇ” ಅಂದೆ, ಹೆಮ್ಮೆಯಿಂದ.

ಆಕೆ ನೀಲಾಳ ಮುಂದೆ ಇನ್ನೊಂದು ಖಾಲಿ ಫಾರ್ಮ್ ಇಟ್ಟಳು. ಮೇಜಿನ ಮೇಲಿದ್ದ ಡಬ್ಬಿ ತೆಗೆದು ನನ್ನ ಕೈಗೆ ಚಿಕ್ಕಿ ಇಟ್ಟಳು. ಜೊತೆಗೆ ಬಂದವರಿಗೋಸ್ಕರವೇ ಆ ಡಬ್ಬಿಯಂತೆ. “ಅಪ್ಪಂದಿರಿಗೆ ಅರ್ಧ ಸಾಕು, ಅಮ್ಮಂದಿರಿಗೆ ಒಂದು, ಅತ್ತೆಯರು ಬಂದರೆ ಎರಡು ಬೇಕಾಗುತ್ತೆ” ಅಂದಳು. ನಗುತ್ತಲೇ ಅಂದಳು, ಆದರೆ ತಮಾಷೆಗೆ ಅಂದದ್ದಲ್ಲ.

ಆಮೇಲೆ ನೀಲಾಳ ಕಡೆ ತಿರುಗಿ ಕೇಳಿದಳು: “ನಿನ್ನೆ ಬೆಳಿಗ್ಗೆ ಎದ್ದಾಗಿಂದ ಏನೇನು ಮಾಡಿದೆ ಹೇಳು.”

ನೀಲಾ ಹೇಳಿದಳು. (ಅದನ್ನು ಹೇಳಲು ಅವಳಿಗೆ ಹಿಡಿದ ಹೊತ್ತನ್ನು ನೀವೇ ಓದುವಾಗ ಸೇರಿಸಿಕೊಳ್ಳಿ. ಲಾವಣ್ಯ ಒಂದು ಸಲವೂ ಗಡಿಯಾರ ನೋಡಲಿಲ್ಲ.)

ಶರಣಪ್ಪನ ಕಾರ್ಖಾನೆಗೆ ಕೆಲಸಗಾರರನ್ನು ಕರೆತರಲು ನಾಲ್ಕು ಬಸ್ಸುಗಳಿವೆ. ಅದಕ್ಕೊಂದು ವಾಟ್ಸಾಪ್ ಗ್ರೂಪ್. ಯಾರ ಶಿಫ್ಟ್ ಬದಲಾಯಿತು, ಯಾವ ಬಸ್ಸು ತಡ, ಯಾರು ಯಾವ ಸ್ಟಾಪಿನಲ್ಲಿ ಹತ್ತುತ್ತಾರೆ, ಎಲ್ಲ ಅದರಲ್ಲಿ. ಗ್ರೂಪಿನ ಉಸ್ತುವಾರಿ ಹಳಬನಾದ ಶರಣಪ್ಪನಿಗೆ ಬಿದ್ದಿತ್ತು. ಅವನಿಗೆ ಫೋನ್ ನೋಡಿದರೆ ತಲೆನೋವು. ಮೂರು ವರ್ಷದ ಹಿಂದೆ “ನೀನ ನೋಡ್ಕೋ ತಂಗಿ” ಅಂತ ಗ್ರೂಪಿನ ಫೋನನ್ನು ಮಗಳ ಕೈಗೆ ಕೊಟ್ಟು ಮರೆತುಬಿಟ್ಟ. ಅವತ್ತಿಂದ ಅಪ್ಪನ ಹೆಸರಿನಲ್ಲಿ, ಎಡಗೈ ಹೆಬ್ಬೆರಳಿನಲ್ಲಿ, ಆ ಬಸ್ಸುಗಳನ್ನು ನಡೆಸುತ್ತಿರುವವಳು ನೀಲಾ.

ಯಾರಿಗೂ ಗೊತ್ತಿಲ್ಲ. ಗ್ರೂಪಿನವರ ಪಾಲಿಗೆ ಅದು ‘ಶರಣಪ್ಪ ಅನ್ನ’. (ತೆಲುಗಿನಲ್ಲಿ ಅನ್ನ ಅಂದರೆ ಅಣ್ಣ.)

ಒಂದು ದಿನ ಯಾದಗಿರಿ ಅನ್ನುವ ಕೆಲಸಗಾರ ಗೇಟಿನ ಹತ್ತಿರ ಶರಣಪ್ಪನ ಎರಡೂ ಕೈ ಹಿಡಿದುಕೊಂಡು ಕಣ್ಣೀರು ಹಾಕಿದನಂತೆ. “ನಮ್ಮ ಅಮ್ಮ ಆಸ್ಪತ್ರೆಯಲ್ಲಿದ್ದಾಗ ದಿನಾ ವಿಚಾರಿಸಿದವರು ನೀವೊಬ್ಬರೇ ಅನ್ನ” ಅಂದನಂತೆ. ಶರಣಪ್ಪ ಮನೆಗೆ ಬಂದು, “ನಾ ಯಾವಾಗ ಕೇಳಿದ್ನಪ?” ಅಂತ ತಲೆ ಕೆರೆದುಕೊಂಡನಂತೆ. ನೀಲಾ ಫೋನನ್ನು ಮಗುಚಿ ಇಟ್ಟಳಂತೆ.

ಲಾವಣ್ಯ ಮೇಜು ಬಡಿದು ನಕ್ಕಳು. ನನಗೂ ನಗು ಬಂತು, ಜೊತೆಗೆ ನಾಚಿಕೆಯೂ. ವಾರಕ್ಕೊಮ್ಮೆ ಆ ಮನೆಯಲ್ಲಿ ಊಟ ಮಾಡುವ ನನಗೆ ಇದರ ಸುಳಿವೇ ಇರಲಿಲ್ಲ. ‘ಮನೆಯಲ್ಲೇ ಇರುತ್ತಾಳೆ’ ಅಂತ ಚಂದದ ಅಕ್ಷರದಲ್ಲಿ ಬರೆದು ಕೊಟ್ಟಿದ್ದೆ.

“ಮತ್ತ, ನನಗ ಸಂಗೀತ ಸೇರೂದಿಲ್ಲ, ಅತ್ತಿ” ಅಂದಳು ನೀಲಾ ನನ್ನ ಕಡೆ ತಿರುಗಿ. ಮೂರು ವರ್ಷದ ಮಗುವಾಗಿದ್ದಾಗ ಹಾರ್ಮೋನಿಯಂ ಕೇಳಿ ತಲೆ ಆಡಿಸಿದ್ದಳು. ಅದನ್ನೇ ನಾನು ಇಪ್ಪತ್ತೊಂದು ವರ್ಷ ನಂಬಿಕೊಂಡು ಕೂತಿದ್ದೆ.

ಲಾವಣ್ಯ ಬುದ್ಧಿಮಾತು ಹೇಳಲಿಲ್ಲ. ಬೇರೆ ಬೇರೆ ಕಂಪನಿಗಳಿಗೆ ಸ್ಟಾಫ್ ಬಸ್ಸು ಓಡಿಸುವ ಒಂದು ಸಂಸ್ಥೆ ಇದೆ, ಅದರ ಕಂಟ್ರೋಲ್ ರೂಮಿನಲ್ಲಿ ಒಂದು ವಾರ ಕೂತು ನೋಡಿ ಬಾ ಅಂದಳು. ಸೇರುವುದಲ್ಲ, ಬರೀ ನೋಡುವುದು. ಕೆಲಸ ಮಾಡಿ ನೋಡು, ಜನರನ್ನು ನೋಡು, ಬಾತ್‌ರೂಮಿಗೆ ಹೋಗೋದಕ್ಕೆ ಅನುಕೂಲ ಇದೆಯಾ ಅದನ್ನೂ ನೋಡು.

“ಇಷ್ಟ ಆಗದಿದ್ರೆ?” ಅಂದೆ. ನನ್ನ ಚಿಕ್ಕಿ ಮುಗಿದಿತ್ತು.

“ಆಗದಿದ್ರೆ ಇನ್ನೊಂದು ನೋಡೋಣ” ಅಂದಳು, ಬಟ್ಟೆ ಅಂಗಡಿಯವರು ಇನ್ನೊಂದು ಸೀರೆ ಬಿಚ್ಚುವಷ್ಟು ಸಲೀಸಾಗಿ.

ಹೊರಗೆ ಬಂದವರು ಎಕ್ಸಿಬಿಷನ್ನಿಗೆ ಹೋದೆವು. ನೀಲಾ ಒಂದು ಬಳೆ ಅಂಗಡಿಯ ಮುಂದೆ ಅರ್ಧ ಗಂಟೆ ನಿಂತಳು. ಅಂಗಡಿಯವ ದೂರದ ಉತ್ತರದ ಫಿರೋಜಾಬಾದಿನವನಂತೆ, ಮಗಳದು ಹತ್ತನೇ ಕ್ಲಾಸಂತೆ, ಪರೀಕ್ಷೆಗೆ ತಾನು ಊರಲ್ಲಿರುವುದಿಲ್ಲ ಅಂತ ಹೇಳುತ್ತಾ ಅವನ ಮುಖ ಸಣ್ಣದಾಯಿತು. ನೀಲಾ ಒಂದೂ ಬಳೆ ಕೊಳ್ಳಲಿಲ್ಲ. ಅವನು ನೀರು ಕೊಟ್ಟು ಸ್ಟೂಲ್ ಹಾಕಿ ಕೂರಿಸಿದ. ನಾನು ಕಾಲು ನೋಯುತ್ತಿದೆ ಅಂತ ಗೊಣಗುತ್ತಿದ್ದೆ.

ಶರಣಪ್ಪ ಕಂಟ್ರೋಲ್ ರೂಮಿಗೆ ಒಪ್ಪಲಿಲ್ಲ. ನಾನೇ ಜಗಳಾಡಿದೆ. “ಒಂದು ವಾರ. ಆಕಾಶ ಏನು ಹರ್ಕೊಂಡು ಬೀಳಂಗಿಲ್ಲ” ಅಂದೆ. ಆಕಾಶ ಬೀಳಲಿಲ್ಲ, ಆದರೆ ಅದೇ ವಾರದಲ್ಲಿ ತಿಂಗಳು ಮುಗಿದು, ಶಾಲೆಯವರು ಆ ಕುರ್ಚಿಗೆ ಇನ್ನೊಬ್ಬರನ್ನು ಕೂರಿಸಿಬಿಟ್ಟರು. ಶರಣಪ್ಪ ನನ್ನ ಜೊತೆ ಎರಡು ದಿನ ಮಾತು ಬಿಟ್ಟ.

ಕಂಟ್ರೋಲ್ ರೂಮಿನಿಂದ ಬಂದ ಸುದ್ದಿ ಮಾತ್ರ ದಿನದಿನಕ್ಕೆ ಚಂದ. ಮೂರನೇ ದಿನಕ್ಕೆ ರೂಟುಗಳು ಬಾಯಿಪಾಠ. ನಾಲ್ಕನೇ ದಿನ ಒಂದು ಬಸ್ಸು ಕೆಟ್ಟು ನಿಂತಾಗ ಎಲ್ಲರಿಗಿಂತ ಮೊದಲು ಬದಲಿ ದಾರಿ ಹೇಳಿದಳಂತೆ. ಶನಿವಾರ ಅಲ್ಲಿನ ಮ್ಯಾನೇಜರ್ ತಾನಾಗಿ ಫೋನ್ ಮಾಡಿ, ಈ ಹುಡುಗಿಯನ್ನು ನಾವೇ ತಗೋತೀವಿ ಅಂದ. ಶರಣಪ್ಪ ಓಣಿಗೆಲ್ಲ ಪೇಡೆ ಹಂಚಿದ. ನಾನು ಕಲಬುರಗಿಯ ನೆಂಟರಿಗೆ ಒಬ್ಬೊಬ್ಬರಿಗೂ ಫೋನ್ ಮಾಡಿದೆ. ಈ ಅಂಕಣವನ್ನೂ ಮನಸ್ಸಿನಲ್ಲಿ ಅರ್ಧ ಬರೆದು ಇಟ್ಟೆ. (ಬಹಳ ಒಳ್ಳೆಯ ಕೊನೆ ಇತ್ತು ಅದಕ್ಕೆ. ದಂಡವಾಯಿತು.)

ಭಾನುವಾರ ಮಧ್ಯಾಹ್ನ ಪಟಾನ್‌ಚೆರುವಿನಲ್ಲಿ ಊಟ. ಬಿಸಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಶರಣಪ್ಪನ ಹೆಂಡತಿ ಸುವರ್ಣಾ ಬಡಿಸುತ್ತಿದ್ದಳು. ನೀಲಾ ತಟ್ಟೆ ಸರಿಸಿ ಅಂದಳು:

“ಆ ನೌಕರಿ ನನಗ ಬ್ಯಾಡ.”

ಶರಣಪ್ಪನ ಕೈಯಲ್ಲಿನ ತುತ್ತು ಅಲ್ಲೇ ನಿಂತಿತು. “ಏನಂದಿ?”

“ಬ್ಯಾಡ.”

“ಸಾಲಿ ನೌಕರಿ ಹೋತು. ಅವರಾಗೇ ಕರದು ಕೊಡಾಕತ್ತಾರ, ಇದನ್ನೂ ಬ್ಯಾಡ ಅಂತಿ. ಸೊಕ್ಕು ಬಂದೈತಿ ನಿನಗ.”

ನಾನು ಅವಳ ಪರ ನಿಂತೆ ಅಂದುಕೊಂಡಿರಾ? ಇಲ್ಲ. ನನಗೂ ಉರಿದುಹೋಗಿತ್ತು. ಊರಿಗೆಲ್ಲ ಹೇಳಿಕೊಂಡು ಕೂತಿದ್ದೆ. “ಯಾಕ, ಡ್ರೈವರ್‌ಗಳು ಬೈದ್ರೇನು? ದೂರ ಆಗ್ತದೇನು? ಕೈ ನೋಯ್ತದೇನು? ಯಾರರ ನಕ್ಕರೇನು?” ಅಂತ ಒಂದೇ ಉಸಿರಿಗೆ ನಾಲ್ಕು ಕಾರಣ ಅವಳ ತಟ್ಟೆಗೆ ಬಡಿಸಿದೆ. ಒಂದೂ ಸರಿ ಇರಲಿಲ್ಲ.

ಅವಳು ಎಡಗೈ ಎತ್ತಿದಳು. ನಾವಿಬ್ಬರೂ ಸುಮ್ಮನಾಗುವ ತನಕ ಇಳಿಸಲಿಲ್ಲ. ಆಮೇಲೆ ಹೇಳಿದಳು.

ಆ ರೂಮಿನಲ್ಲಿ ಒಂದು ದೊಡ್ಡ ಸ್ಕ್ರೀನು. ಅದರ ಮೇಲೆ ಚುಕ್ಕೆಗಳು ಓಡುತ್ತವೆ. ಚುಕ್ಕೆ ನಿಂತರೆ ಯಾಕೆ ನಿಂತಿತು ಅಂತ ಕೇಳಬೇಕು, ಎಷ್ಟು ಹೊತ್ತಿಗೆ ಮುಟ್ಟುತ್ತದೆ ಅಂತ ಬರೆದುಕೊಳ್ಳಬೇಕು. ಕೆಟ್ಟು ನಿಂತ ಬಸ್ಸಿನ ಡ್ರೈವರನಿಗೆ ಅವಳು ‘ಆರಾಮ ಇದ್ದೀರಾ? ಊಟ ಆಯ್ತಾ?’ ಅಂತ ಮೆಸೇಜ್ ಹಾಕಿದ್ದಳಂತೆ. ಅದೆಲ್ಲ ನಮಗೆ ಬೇಡಮ್ಮ, ಟೈಮ್ ಒಂದು ಕೇಳು ಸಾಕು ಅಂದರಂತೆ. ಕೆಟ್ಟವರೇನಲ್ಲ, ಅವರ ಕೆಲಸವೇ ಹಾಗೆ.

“ಬಸ್ಸಷ್ಟ ಕಾಣ್ತಾವ, ಅತ್ತಿ. ಒಳಗಿನ ಮಂದಿ ಕಾಣೂದಿಲ್ಲ” ಅಂದಳು.

ನಾನು ಎದ್ದು ಹೊರಗೆ ಬಂದು ಲಾವಣ್ಯಳಿಗೆ ಫೋನ್ ಹಚ್ಚಿದೆ. ಬೈಯೋಣ ಅಂತಲೇ. ನೋಡಮ್ಮ, ನೀನು ಹೇಳಿದ ಹಾಗೆ ಮಾಡಿ ಇದ್ದ ಕೆಲಸವೂ ಹೋಯಿತು, ಬಂದ ಕೆಲಸವೂ ಹೋಯಿತು ಅಂದೆ.

“ಆಂಟಿ, ಅವತ್ತು ಅವಳು ಅಷ್ಟು ಹೇಳಿದಳಲ್ಲ, ನಾನೂ ಬರೀ ಬಸ್ಸನ್ನೇ ಹಿಡಿದುಕೊಂಡೆ. ಅವಳು ಹೇಳಿದ್ದು ಯಾದಗಿರಿಯ ಅಮ್ಮನ ವಿಷಯ. ನನ್ನ ತಪ್ಪು” ಅಂದಳು. ಆಮೇಲೆ ಖುಷಿಯಿಂದ, “ಒಂದು ವಾರದಲ್ಲಿ ಗೊತ್ತಾಯಿತಲ್ಲ ಆಂಟಿ. ಎಷ್ಟೋ ಜನಕ್ಕೆ ರಿಟೈರ್ ಆಗೋ ತನಕ ಗೊತ್ತಾಗಲ್ಲ” ಅಂದಳು.

ಈ ಮಾತು ನನಗೆ ಯಾಕೆ ಚುಚ್ಚಿತು ಅನ್ನುವುದು ಬೇರೆ ವಿಷಯ.

ಕಾರ್ಮಿಕರ ಒಂದು ದವಾಖಾನೆ ಇದೆ, ಅಲ್ಲಿಂದ ಮನೆಗೆ ಹೋದ ಪೇಷಂಟುಗಳನ್ನು ಆಮೇಲೂ ವಿಚಾರಿಸಿಕೊಳ್ಳುವ ಒಂದು ಡೆಸ್ಕ್ ಇದೆ ಅಂದಳು. ಮಾತ್ರೆ ತಗೊಂಡರಾ, ಗಾಯ ಒಣಗಿತಾ, ಮತ್ತೆ ತೋರಿಸಲು ಯಾವಾಗ ಬರ್ತೀರಿ. ಬಹಳಷ್ಟು ಮೆಸೇಜಿನಲ್ಲೇ. ಒಂದು ವಾರ ನೋಡಿ ಬರಲಿ.

“ಅದೂ ಬೇಡ ಅಂದ್ರೆ?”

“ಅಂದ್ರೆ ಅನ್ನಲಿ ಆಂಟಿ.”

ಒಳಗೆ ಬಂದು ಹೇಳಿದೆ. ಶರಣಪ್ಪ ಕೈ ತೊಳೆದು ಬಂದಿದ್ದ. ಊಟ ಅರ್ಧಕ್ಕೇ ಬಿಟ್ಟಿದ್ದ. “ಇನ್ನೊಂದು ವಾರಾ? ಇದೇನು ಆಟ ಹಚ್ಚೀರೇನು? ಹಿಂಗ ಬ್ಯಾಡ ಬ್ಯಾಡ ಅನ್ಕೋತ ಹೋದ್ರ ನಾಳೆ ಯಾರು ಕರೀತಾರ? ನಾ ಎಷ್ಟು ದಿನ ಇರ್ತೀನಿ? ಇಂಥಾಕಿಗೆ ಸಿಕ್ಕದ್ದ ಹೆಚ್ಚು.”

ಆಡಿದ ಮೇಲೆ ಅವನಿಗೇ ಕೇಳಿಸಿತು. ಮುಖ ಆ ಕಡೆ ತಿರುಗಿಸಿದ. ಅವನು ಕೆಟ್ಟ ಅಪ್ಪ ಅಲ್ಲ. ಅವಳನ್ನು ಹೆಗಲ ಮೇಲೆ ಹೊತ್ತು ಕಾಲೇಜಿನ ಮೂರನೇ ಮಹಡಿ ಹತ್ತಿಸಿದವನು. ಹೆದರಿಕೆ ಬಾಯಿಗೆ ಬಂದಾಗ ಇಂಥ ಮಾತುಗಳೇ ಬರುತ್ತವೆ.

ನೀಲಾ ಅಳಲಿಲ್ಲ. “ಅಪ್ಪಾ, ಇಷ್ಟು ದಿನ ಏನರ ತಪ್ಪಾದ್ರ ಅದು ನಿಮ್ದು ಇರ್ತಿತ್ತು. ಈ ಸಲ ನಾನ ಆರಿಸಿದೆ, ನಾನ ಬಿಟ್ಟೆ. ತಪ್ಪು ಮೊದಲನೇ ಸಲ ನಂದಾತು. ಭಾಳ ಚೊಲೋ ಅನಿಸ್ತು ನನಗ.”

ಇಷ್ಟು ಹೇಳಲು ಅವಳಿಗೆ ಒಂದು ರೊಟ್ಟಿ ಬೇಯುವಷ್ಟು ಹೊತ್ತು ಹಿಡಿಯಿತು. ಯಾರೂ ನಡುವೆ ಬಾಯಿ ಹಾಕಲಿಲ್ಲ. ಆ ಹುಡುಗಿಯ ಮೇಲೆ ಅಷ್ಟು ಪ್ರೀತಿ ಉಕ್ಕಿದ್ದು ನನಗೆ ಅದೇ ಮೊದಲು. ಅಲ್ಲಿಯವರೆಗೆ ನಾನು ಅವಳಿಗೆ ಕೊಟ್ಟದ್ದು ಬರೀ ಕನಿಕರ ಅಂತ ಕಾಣುತ್ತದೆ.

ಆಗ ಸುವರ್ಣಾ ಮಾತಾಡಿದಳು. ನನ್ನ ಎದುರು ದನಿ ಎತ್ತದ ಹೆಂಗಸು. ರೊಟ್ಟಿಯ ಬುಟ್ಟಿ ಕೆಳಗಿಟ್ಟು ಕೇಳಿದಳು:

“ಅಕ್ಕಾರ, ತಪ್ಪು ತಿಳೀಬ್ಯಾಡ್ರಿ. ನಿಮ್ಮ ಪ್ರಶಾಂತ ಎಷ್ಟು ಕೆಲಸ ಬಿಟ್ಟಾನ್ರಿ?”

ಪ್ರಶಾಂತ ನನ್ನ ಮಗ. ಗಟ್ಟಿಮುಟ್ಟಾದ ಆರಡಿ ಹುಡುಗ. ಎಂಜಿನಿಯರಿಂಗ್ ಎರಡನೇ ವರ್ಷಕ್ಕೆ ಬಿಟ್ಟ. ಕ್ರಿಕೆಟ್ ಕೋಚಿಂಗ್ ಅಂದ, ಬಿಟ್ಟ. ಕೊರಿಯರ್ ಆಫೀಸು, ಬಿಟ್ಟ. ಗೆಳೆಯನ ಜೊತೆ ಮೊಬೈಲ್ ಅಂಗಡಿ, ಅದೂ ಬಿಟ್ಟ. ಇನ್ಶೂರೆನ್ಸ್ ಮೂರು ತಿಂಗಳು. ಈಗ ಬೇಕರಿ ಇಟ್ಟಿದ್ದಾನೆ, ಚೆನ್ನಾಗಿ ನಡೆಸುತ್ತಿದ್ದಾನೆ. ಹೀಗೆ ಬಿಡುತ್ತಾ ಹೋದ ಏಳು ವರ್ಷ, ನೆಂಟರು ಕೇಳಿದಾಗಲೆಲ್ಲ ನಾನು ಒಂದೇ ಉತ್ತರ ಕೊಟ್ಟೆ: “ಹುಡುಗಗ ಅನುಭವ ಆಗಾಕತ್ತೈತಿ.” ಶರಣಪ್ಪನೂ ಹೂಂ, ಗಂಡು ಹುಡುಗ, ನಾಕು ಕಡೆ ತಿರುಗಾಡಬೇಕು ಅಂದವನೇ. ಸಿಕ್ಕದ್ದೇ ಹೆಚ್ಚು ಅಂತ ಪ್ರಶಾಂತನಿಗೆ ಯಾರೂ ಹೇಳಲಿಲ್ಲ.

ನಾನು ಬೆರಳು ಮಡಿಚಿ ಎಣಿಸಿದೆ. “ಐದು” ಅಂದೆ.

ಸುವರ್ಣಾ ಗಂಡನ ತಟ್ಟೆಯನ್ನು ಅವನ ಮುಂದೆ ಎಳೆದು, ಇನ್ನೊಂದು ರೊಟ್ಟಿ ಹಾಕಿದಳು. ಶರಣಪ್ಪ ಕೂತ. ರೊಟ್ಟಿ ಮುರಿಯುತ್ತಾ, ಮಗಳ ಮುಖ ನೋಡದೆ, “ಆ ದವಾಖಾನಿಗೆ ಎಷ್ಟು ಹೊತ್ತಿಗೆ ಹೋಗ್ಬೇಕಂತ? ನನ್ನ ಶಿಫ್ಟ್ ಮಧ್ಯಾಹ್ನ ಐತಿ, ಬಿಟ್ಟು ಬರ್ತೀನಿ” ಅಂದ.

“ಬಿಡೂದು ಬ್ಯಾಡ. ನಾನ ಹೋಗ್ತೀನಿ” ಅಂದಳು ನೀಲಾ.

ಬರುವ ಸೋಮವಾರದಿಂದ ಅವಳ ಎರಡನೇ ವಾರ, ದವಾಖಾನೆಯದು. ಇಷ್ಟವಾಗಬಹುದು, ಆಗದಿರಬಹುದು. ನೆಂಟರು ಫೋನ್ ಮಾಡಿ, ಯಾಕ ಬಿಟ್ಟಳಂತ, ಅಷ್ಟು ಚೊಲೋ ನೌಕರಿ ಅಂತ ಕೇಳುತ್ತಲೇ ಇದ್ದಾರೆ. ಅವರಿಗೆ ನಾನು ತಿರುಗಿ ಕೇಳುತ್ತಿರುವುದು ಒಂದೇ:

ನನ್ನ ಮಗ ಐದು ಬಿಟ್ಟರೆ ಅನುಭವ, ನೀಲಾ ಒಂದು ಬಿಟ್ಟರೆ ಸೊಕ್ಕಾ?